ಕಾನ್‌ಸ್ಟೇಬಲ್, ಪಿಎಸ್‌ಐ ಆಗಲು ಏನೇನು ಬೇಕು, ಎಲ್ಲೆಲ್ಲಿ ಎಡವುತ್ತಾರೆ

ಪೊಲೀಸ್ ಕೆಲಸಕ್ಕೆ ತಯಾರಿ ಎಂದಕೂಡಲೇ ಹೆಚ್ಚಿನವರು ಮೊದಲು ಕೊಳ್ಳುವುದು ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ. ಅದಕ್ಕೂ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಅಳತೆ ಟೇಪು. ಕರ್ನಾಟಕದಲ್ಲಿ ಸಿವಿಲ್ ಕಾನ್‌ಸ್ಟೇಬಲ್‌ಗೂ ಪಿಎಸ್‌ಐಗೂ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಪುರುಷರು 168 ಸೆಂ.ಮೀ. ಎತ್ತರವಿರಬೇಕು. ಪೂರ್ತಿ ಉಸಿರೆಳೆದಾಗ ಎದೆ ಸುತ್ತಳತೆ 86 ಸೆಂ.ಮೀ. ಬರಬೇಕು, ಕನಿಷ್ಠ 5 ಸೆಂ.ಮೀ. ಹಿಗ್ಗಬೇಕು. ಮಹಿಳೆಯರಿಗೆ ಎತ್ತರ 157 ಸೆಂ.ಮೀ., ತೂಕ 45 ಕೆ.ಜಿ. ಕೆಲವು ಬುಡಕಟ್ಟು ಸಮುದಾಯಗಳಿಗೆ ಇದರಲ್ಲಿ ರಿಯಾಯಿತಿ ಉಂಟು.

ಎತ್ತರವನ್ನು ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ, ಸಂಜೆ ಹೊತ್ತು ಅಳೆದು ನೋಡಿ. ದಿನವಿಡೀ ನಿಂತು ಓಡಾಡಿದ ಮೇಲೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡು ಸುಮಾರು ಒಂದು ಸೆಂ.ಮೀ. ತಗ್ಗುತ್ತದೆ. ಬೆಳಿಗ್ಗೆ 168.3 ತೋರಿಸಿದವರು ಮಧ್ಯಾಹ್ನದ ಸರದಿಯಲ್ಲಿ 167.8ಕ್ಕೆ ಇಳಿದು ಹೊರಬೀಳುವುದು ಹೀಗೆ. ಎದೆಯದ್ದು ಅಷ್ಟು ಕಷ್ಟವಲ್ಲ. ಪುಷ್ ಅಪ್ ಮತ್ತು ದೀರ್ಘ ಉಸಿರಾಟದ ಅಭ್ಯಾಸವಿದ್ದರೆ ಕೆಲವು ತಿಂಗಳಲ್ಲಿ ಹಿಗ್ಗು ಹೆಚ್ಚುತ್ತದೆ. ಎತ್ತರಕ್ಕೆ ಮಾತ್ರ ಮದ್ದಿಲ್ಲ. ಅದಕ್ಕೆಂದು ಮಾರುವ ಪುಡಿ, ಮಾತ್ರೆಗಳಿಗೆ ದುಡ್ಡು ಸುರಿಯಬೇಡಿ.

ಯಾವ ಬಾಗಿಲು?

ಸಿವಿಲ್ ಕಾನ್‌ಸ್ಟೇಬಲ್‌ಗೆ ಪಿಯುಸಿ ಪಾಸಾಗಿರಬೇಕು. ನಗರ ಮತ್ತು ಜಿಲ್ಲಾ ಸಶಸ್ತ್ರ ಪಡೆಯ (ಸಿಎಆರ್, ಡಿಎಆರ್) ಹಾಗೂ ರಾಜ್ಯ ಮೀಸಲು ಪೊಲೀಸ್ ಪಡೆಯ (ಕೆಎಸ್‌ಆರ್‌ಪಿ) ಕಾನ್‌ಸ್ಟೇಬಲ್‌ಗೆ ಎಸ್ಸೆಸ್ಸೆಲ್ಸಿ ಸಾಕು. ಪಿಎಸ್‌ಐಗೆ ಯಾವುದಾದರೂ ಪದವಿ ಬೇಕು. ಕನಿಷ್ಠ ವಯಸ್ಸು ಸಿವಿಲ್ ಕಾನ್‌ಸ್ಟೇಬಲ್‌ಗೆ 19, ಸಶಸ್ತ್ರ ಪಡೆ ಮತ್ತು ಕೆಎಸ್‌ಆರ್‌ಪಿಗೆ 18, ಪಿಎಸ್‌ಐಗೆ 21. ಗರಿಷ್ಠ ವಯೋಮಿತಿ ಪ್ರವರ್ಗಕ್ಕೆ ತಕ್ಕಂತೆ ಬೇರೆಯಾಗುತ್ತದೆ, ಸರ್ಕಾರ ಆಗಾಗ ಸಡಿಲಿಕೆಯನ್ನೂ ಕೊಡುತ್ತದೆ. ಆದ್ದರಿಂದ ಹಳೆಯ ಯೂಟ್ಯೂಬ್ ವಿಡಿಯೊ ನಂಬಿ ‘ನನ್ನ ವಯಸ್ಸು ಮೀರಿತು’ ಎಂದು ಕೈಚೆಲ್ಲಬೇಡಿ, ಆಯಾ ಅಧಿಸೂಚನೆಯನ್ನೇ ಓದಿ. ನೇರವಾಗಿ ಡಿವೈಎಸ್ಪಿ ಆಗಬೇಕೆಂದರೆ ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆ, ಐಪಿಎಸ್‌ಗೆ ಯುಪಿಎಸ್‌ಸಿ. ಅವುಗಳ ತಯಾರಿಯೇ ಬೇರೆ.

ಕಾನ್‌ಸ್ಟೇಬಲ್ ಮತ್ತು ಪಿಎಸ್‌ಐ ತಯಾರಿಯನ್ನು ಒಟ್ಟಿಗೆ ನಡೆಸುವವರು ಮರೆಯುವುದು ಹಂತಗಳ ಕ್ರಮವನ್ನು. ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಮೊದಲು ಲಿಖಿತ ಪರೀಕ್ಷೆ. ಅದರ ಅಂಕದ ಮೇಲೆ ಒಂದು ಹುದ್ದೆಗೆ ಐವರಂತೆ ಫಿಸಿಕಲ್‌ಗೆ ಕರೆ ಬರುತ್ತದೆ. ಪಿಎಸ್‌ಐನಲ್ಲಿ ಇದು ತಿರುಗುಮುರುಗು: ಮೊದಲು ಮೈದಾನ, ದಾಟಿದವರಿಗೆ ಮಾತ್ರ ಲಿಖಿತ. ಅಧಿಸೂಚನೆ ಬಂದ ಮೇಲೆ ಓಟ ಶುರುಮಾಡುವ ಪಿಎಸ್‌ಐ ಅಭ್ಯರ್ಥಿಗೆ ಸಮಯ ಸಾಲುವುದಿಲ್ಲ.

ಮೈದಾನದಲ್ಲಿ

ಪುರುಷರು 1,600 ಮೀಟರ್ ಓಡಬೇಕು: ಕಾನ್‌ಸ್ಟೇಬಲ್‌ಗೆ 6 ನಿಮಿಷ 30 ಸೆಕೆಂಡ್, ಪಿಎಸ್‌ಐಗೆ 7 ನಿಮಿಷ. 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು. ಅಂದರೆ ಕಾನ್‌ಸ್ಟೇಬಲ್‌ಗೆ ಸುತ್ತಿಗೆ 97 ಸೆಕೆಂಡ್ ಚಿಲ್ಲರೆ, ಪಿಎಸ್‌ಐಗೆ 105. ಕೆಡುವುದು ಮೊದಲ ಸುತ್ತಿನಲ್ಲೇ. ಸೀಟಿ ಊದಿದೊಡನೆ ಗುಂಪಿನ ಜೊತೆ ನುಗ್ಗಿ 80 ಸೆಕೆಂಡಿಗೆ ಸುತ್ತು ಮುಗಿಸಿದವರು ಮೂರನೆಯದರಲ್ಲಿ ಪಕ್ಕೆ ಹಿಡಿದುಕೊಂಡು ನಡೆಯುತ್ತಾರೆ. ಮೊದಲ ಮೂರು ಸುತ್ತು 93–95ರಲ್ಲಿ ಓಡಿದರೆ ಕೊನೆಯದಕ್ಕೆ 100 ಸೆಕೆಂಡ್‌ಗಿಂತ ಹೆಚ್ಚೇ ಕೈಯಲ್ಲಿರುತ್ತದೆ. ಅಭ್ಯಾಸಕ್ಕೆ ವಾರದಲ್ಲಿ ಒಂದು ದಿನ 400 ಮೀಟರನ್ನು ಗುರಿಯ ವೇಗದಲ್ಲಿ ಐದಾರು ಬಾರಿ, ನಡುವೆ ಎರಡು ನಿಮಿಷ ಬಿಡುವು ಕೊಟ್ಟು ಓಡಿ. ಇನ್ನೊಂದು ದಿನ 4–5 ಕಿ.ಮೀ. ನಿಧಾನ ಓಟ. ಊರಿನ ಡಾಂಬರು ರಸ್ತೆಯಲ್ಲೇ ದಿನವೂ ಓಡಿದರೆ ಮೊಣಕಾಲ ಕೆಳಗಿನ ಮೂಳೆ ನೋಯಲು ಶುರುವಾಗುತ್ತದೆ, ಮಣ್ಣಿನ ನೆಲ ಒಳ್ಳೆಯದು. ಹೊಸ ಶೂ ಹಾಕಿಕೊಂಡು ಪರೀಕ್ಷೆಗೆ ಹೋಗಬೇಡಿ.

ಮಹಿಳೆಯರಿಗೆ 400 ಮೀಟರ್, 2 ನಿಮಿಷದೊಳಗೆ. ಒಂದೇ ಸುತ್ತು ಎಂದು ಸಲೀಸಾಗಿ ತೆಗೆದುಕೊಂಡವರು ಕೊನೆಯ ನೂರು ಮೀಟರಿನಲ್ಲಿ ತಬ್ಬಿಬ್ಬಾಗುತ್ತಾರೆ. ಅಭ್ಯಾಸದಲ್ಲಿ 600 ಮೀಟರ್ ಓಡುತ್ತಿದ್ದರೆ ಆ ಭಯವಿರದು.

ಓಟದ ಜೊತೆಗೆ ಉದ್ದ ಜಿಗಿತ ಅಥವಾ ಎತ್ತರ ಜಿಗಿತ, ಎರಡರಲ್ಲಿ ಒಂದು. ಪುರುಷರಿಗೆ 3.80 ಮೀ. ಅಥವಾ 1.20 ಮೀ., ಮಹಿಳೆಯರಿಗೆ 2.50 ಮೀ. ಅಥವಾ 0.90 ಮೀ. ಗುಂಡು ಎಸೆತದಲ್ಲಿ ಪುರುಷರು 7.26 ಕೆ.ಜಿ. ಗುಂಡನ್ನು 5.60 ಮೀ., ಮಹಿಳೆಯರು 4 ಕೆ.ಜಿ. ಗುಂಡನ್ನು 3.75 ಮೀ. ದಾಟಿಸಬೇಕು. ತಲಾ ಮೂರು ಅವಕಾಶ. ಇವು ಪಾಸು–ಫೇಲಿನ ಪರೀಕ್ಷೆಗಳು, ಹೆಚ್ಚು ದೂರಕ್ಕೆ ಹೆಚ್ಚು ಅಂಕವಿಲ್ಲ. ಹಾಗಾಗಿ ಮೊದಲ ಎಸೆತದಲ್ಲೇ ಶಕ್ತಿಪ್ರದರ್ಶನ ಬೇಡ, ಫೌಲ್ ಆಗದಂತೆ ಎಸೆಯಿರಿ. ಗುಂಡು ಅಂಗೈಯಲ್ಲಲ್ಲ, ಬೆರಳುಗಳ ಬುಡದಲ್ಲಿ ಕೂರಬೇಕು, ಕುತ್ತಿಗೆಗೆ ತಾಗಿರಬೇಕು. ಕ್ರಿಕೆಟ್ ಚೆಂಡಿನಂತೆ ಹಿಂದಿನಿಂದ ಬೀಸಿದರೆ ಫೌಲ್, ಭುಜವೂ ಉಳುಕುತ್ತದೆ. ಎಸೆದ ಮೇಲೆ ಖುಷಿಯಲ್ಲಿ ವೃತ್ತದ ಮುಂಭಾಗದಿಂದ ಆಚೆ ಕಾಲಿಟ್ಟರೂ ಅಷ್ಟೇ. ಹಿಂದಿನ ಅರ್ಧದಿಂದ ಹೊರಬರಬೇಕು. ಉದ್ದ ಜಿಗಿತದಲ್ಲಿ ಹಿಂದಕ್ಕೆ ಕೈಯೂರಿದರೆ ಅಳತೆ ಕೈಯಿಂದಲೇ ಶುರುವಾಗುತ್ತದೆ.

ಲಿಖಿತ ಪರೀಕ್ಷೆ

ಕಾನ್‌ಸ್ಟೇಬಲ್‌ಗೆ 100 ಪ್ರಶ್ನೆ, 100 ಅಂಕ, 90 ನಿಮಿಷ, ತಪ್ಪಿಗೆ 0.25 ಕಡಿತ. ಪಿಎಸ್‌ಐಗೆ ಎರಡು ಪತ್ರಿಕೆ. ಮೊದಲನೆಯದು 50 ಅಂಕದ ಬರವಣಿಗೆ: ಪ್ರಬಂಧ, ಸಾರಾಂಶ, ಕನ್ನಡ–ಇಂಗ್ಲಿಷ್ ಭಾಷಾಂತರ. ಎರಡನೆಯದು 150 ಅಂಕದ ವಸ್ತುನಿಷ್ಠ ಪತ್ರಿಕೆ, ಪ್ರಶ್ನೆಗೆ 1.5 ಅಂಕ, ತಪ್ಪಿಗೆ 0.375 ಕಡಿತ. ನೆಗೆಟಿವ್ ಅಂಕಕ್ಕೆ ಹೆದರಿ ಇಪ್ಪತ್ತು ಪ್ರಶ್ನೆ ಖಾಲಿ ಬಿಡುವವರಿದ್ದಾರೆ. ನಾಲ್ಕು ಆಯ್ಕೆಯಲ್ಲಿ ಒಂದನ್ನು ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದರೆ ಉಳಿದ ಮೂರರಲ್ಲಿ ಊಹಿಸುವುದು ಲೆಕ್ಕಾಚಾರದಲ್ಲಿ ಲಾಭವೇ. ಮೊದಲ ಪತ್ರಿಕೆಯನ್ನು ಕಡೆಗಣಿಸುವುದು ಪಿಎಸ್‌ಐ ಅಭ್ಯರ್ಥಿಗಳ ದೊಡ್ಡ ತಪ್ಪು. ಗಡಿಯಾರ ಇಟ್ಟುಕೊಂಡು ಕೈಯಲ್ಲಿ ಬರೆದು ರೂಢಿಯಿಲ್ಲದವರಿಗೆ ಪ್ರಬಂಧವೇ ಹೊತ್ತು ನುಂಗಿ, ಭಾಷಾಂತರ ಅರ್ಧಕ್ಕೆ ನಿಲ್ಲುತ್ತದೆ.

545 ಪಿಎಸ್‌ಐ ಹುದ್ದೆಗಳ ಲಿಖಿತ ಪರೀಕ್ಷೆಯಲ್ಲಿ ನಡೆದ ಅಕ್ರಮದ ಹಗರಣದಲ್ಲಿ ಅಭ್ಯರ್ಥಿಗಳೂ ಬಂಧನಕ್ಕೊಳಗಾದರು. ಮರುಪರೀಕ್ಷೆಯನ್ನು 2024ರ ಜನವರಿಯಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸಿತು. ಕೇಂದ್ರದ ಬಾಗಿಲಲ್ಲಿ ಈಗ ತಪಾಸಣೆ ಬಿಗಿ, ಹಾಲ್ ಟಿಕೆಟ್ ಜೊತೆಗಿನ ವಸ್ತ್ರಸಂಹಿತೆಯನ್ನು ಹಿಂದಿನ ದಿನವೇ ಓದಿಕೊಳ್ಳಿ. ‘ಸೀಟು ಮಾಡಿಸಿಕೊಡ್ತೀವಿ’ ಎಂದು ಬರುವವರ ಫೋನನ್ನೇ ಎತ್ತಬೇಡಿ.

ಕಾಗದಪತ್ರ

ಮೀಸಲಾತಿ ಕೇಳಲು ಬೇಕಾದ ಜಾತಿ ಪ್ರಮಾಣಪತ್ರ ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ ‘ಡಿ’, ಪ್ರವರ್ಗ–1ಕ್ಕೆ ‘ಇ’, 2ಎ, 2ಬಿ, 3ಎ, 3ಬಿಗೆ ‘ಎಫ್’. ‘ಎಫ್’ನಲ್ಲಿ ಆದಾಯವೂ ಸೇರಿರುವುದರಿಂದ ಅದಕ್ಕೆ ಐದು ವರ್ಷದ ಅವಧಿ. ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲೇ ಓದಿರಬೇಕು, ಕನ್ನಡ ಮಾಧ್ಯಮದ ಮೀಸಲಾತಿಗೂ ಹತ್ತೂ ವರ್ಷ ಆ ಮಾಧ್ಯಮದಲ್ಲೇ ಓದಿರಬೇಕು. ಕಲ್ಯಾಣ ಕರ್ನಾಟಕದವರ ಸ್ಥಳೀಯ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ. ಇವೆಲ್ಲ ಅರ್ಜಿಯ ಕೊನೆಯ ದಿನಾಂಕದೊಳಗೆ ಪಡೆದದ್ದಾಗಿರಬೇಕು. ಪರಿಶೀಲನೆಯ ದಿನ ಹೊಸದಾಗಿ ಮಾಡಿಸಿ ತಂದರೆ ಒಪ್ಪುವುದಿಲ್ಲ, ಮೀಸಲಾತಿ ಕೈತಪ್ಪಿ ಸಾಮಾನ್ಯ ವರ್ಗದ (ಜಿಎಂ) ಪಟ್ಟಿಗೆ ಬೀಳುತ್ತೀರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಹೆಸರು ಇದ್ದರೆ ಈಗಲೇ ಸರಿಪಡಿಸಿ.

ಸಿವಿಲ್ ಕಾನ್‌ಸ್ಟೇಬಲ್ ಅರ್ಜಿಯಲ್ಲಿ ಒಂದೇ ಘಟಕ (ಜಿಲ್ಲೆ ಅಥವಾ ನಗರ ಕಮಿಷನರೇಟ್) ಆರಿಸಿಕೊಳ್ಳಬೇಕು. ತವರು ಜಿಲ್ಲೆ ಎಂಬ ಒಂದೇ ಕಾರಣಕ್ಕೆ ಆರಿಸುವ ಬದಲು, ನಿಮ್ಮ ಪ್ರವರ್ಗಕ್ಕೆ ಅಲ್ಲಿ ಎಷ್ಟು ಹುದ್ದೆಯಿವೆ, ಹಿಂದಿನ ಕಟ್ ಆಫ್ ಎಷ್ಟಿತ್ತು ನೋಡಿ.

ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ಮೇಲೂ ವೈದ್ಯಕೀಯ ಪರೀಕ್ಷೆ ಮತ್ತು ಪೂರ್ವಾಪರ ಪರಿಶೀಲನೆ ಬಾಕಿ ಇರುತ್ತವೆ. ಊರಿನ ಗಲಾಟೆಯಲ್ಲಿ ಹೆಸರು ಸೇರಿ ಆಮೇಲೆ ಖುಲಾಸೆಯಾದ ಪ್ರಕರಣವಿದ್ದರೂ ಕೇಳಿದ ಕಡೆ ಬರೆಯಿರಿ, ತೀರ್ಪಿನ ಪ್ರತಿ ಲಗತ್ತಿಸಿ. ಬರೆದರೆ ಪ್ರಕರಣದ ತೂಕ ನೋಡಿ ತೀರ್ಮಾನಿಸುತ್ತಾರೆ. ಮುಚ್ಚಿಟ್ಟದ್ದು ಗೊತ್ತಾದರೆ ತರಬೇತಿಯ ನಡುವೆಯೂ ಕೆಲಸ ಹೋಗಬಹುದು.

ಪಿಎಸ್‌ಐ ಕೈತಪ್ಪಿ ಕಾನ್‌ಸ್ಟೇಬಲ್ ಆದ ಪದವೀಧರರಿಗೆ ಇನ್ನೊಂದು ದಾರಿಯಿದೆ. ಪಿಎಸ್‌ಐ ನೇಮಕಾತಿಯಲ್ಲಿ ಸೇವಾನಿರತರಿಗೆಂದೇ ಹುದ್ದೆಗಳನ್ನು ಮೀಸಲಿಡುತ್ತಾರೆ, ಅಲ್ಲಿ ಸ್ಪರ್ಧೆ ಇಲಾಖೆಯ ಒಳಗಿನವರ ನಡುವೆ ಮಾತ್ರ.