ಟೆಂಡರ್ ಕಾಯ್ದೆಗೆ ತಿದ್ದುಪಡಿ ಬಂತಾ? ಹೀಗೆ ಓದಿ

ಬೀದಿಯ ಚರಂಡಿ, ಶಾಲೆಯ ಬೆಂಚು, ಸರ್ಕಾರಿ ಆಸ್ಪತ್ರೆಯ ಔಷಧಿ. ಇವನ್ನೆಲ್ಲ ಸರ್ಕಾರ ಹೇಗೆ ಕೊಳ್ಳಬೇಕು ಎಂದು ಹೇಳುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಕಚೇರಿಯಲ್ಲೂ ಗುತ್ತಿಗೆದಾರರ ಬಾಯಲ್ಲೂ ಇದು ಕೆಟಿಪಿಪಿ. ಇದಕ್ಕೆ ತಿದ್ದುಪಡಿ ಬಂದಾಗ ಬರೀ ಸುದ್ದಿಯ ತಲೆಬರಹ ನೋಡಿ ಸುಮ್ಮನಾಗಬೇಡಿ. ಮಸೂದೆ ಕೆಲವೇ ಪುಟ ಇರುತ್ತದೆ.

ಮೊದಲು ‘ಉದ್ದೇಶ ಮತ್ತು ಕಾರಣಗಳ ಹೇಳಿಕೆ’ ಓದಿ. ಸರ್ಕಾರ ಯಾಕೆ ಬದಲಾವಣೆ ಬಯಸುತ್ತಿದೆ ಅಂತ ಅಲ್ಲಿರುತ್ತದೆ.

ಆಮೇಲೆ ಮೂಲ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮಸೂದೆಯಲ್ಲಿ ‘ಈ ಪದದ ಬದಲು ಆ ಪದ’ ಎಂದಷ್ಟೇ ಇರುವುದರಿಂದ ಅದೊಂದನ್ನೇ ಓದಿದರೆ ತಲೆಬುಡ ತಿಳಿಯುವುದಿಲ್ಲ. ಪೆನ್ಸಿಲ್ ಹಿಡಿದು ಹಳೆಯದನ್ನು ಹೊಡೆದು ಹೊಸದನ್ನು ಬರೆಯಿರಿ. 2025ರ ಮಸೂದೆಯಲ್ಲೇ ಮಾಡಿ ನೋಡಿ. ಗುತ್ತಿಗೆದಾರರಿಗೆ ಕೊಡುವ ಕಾಮಗಾರಿ ಮೀಸಲಾತಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ 6.95, ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ 4, 2ಎಗೆ 15 ಇತ್ತು. ಮಸೂದೆ ಮುಸ್ಲಿಮರಿರುವ 2ಬಿಗೆ ಶೇ 4 ಸೇರಿಸಿತು, ಎಷ್ಟು ಮೊತ್ತದವರೆಗಿನ ಕಾಮಗಾರಿಗೆ ಈ ಮೀಸಲಾತಿ ಎಂಬ ಮಿತಿಯನ್ನು 1 ಕೋಟಿಯಿಂದ 2 ಕೋಟಿ ರೂಪಾಯಿಗೆ ಏರಿಸಿತು. ಚರ್ಚೆಯೆಲ್ಲ 2ಬಿ ಸುತ್ತ ನಡೆಯಿತು. ಮಿತಿ ಏರಿದರೆ ಸಣ್ಣ ಗುತ್ತಿಗೆದಾರರಿಗೆ ಎಷ್ಟು ಕೆಲಸ ತೆರೆಯುತ್ತದೆ ಎಂದು ಕೇಳಿದವರು ಕಡಿಮೆ. ಅದೂ ಮುಖ್ಯ ಅಲ್ವಾ?

ಈಗ 4ನೇ ಪ್ರಕರಣಕ್ಕೆ ಬನ್ನಿ. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಜಾಸ್ತಿ ಕಣ್ಣಿಡಬೇಕಾದ ಜಾಗ ಇದು. ಟೆಂಡರ್ ಯಾವಾಗ ಬೇಡ ಎಂದು ಹೇಳುವುದು ಇಲ್ಲೇ. ಸರ್ಕಾರ ಘೋಷಿಸಿದ ಪ್ರಕೃತಿ ವಿಕೋಪ, ತುರ್ತು ಸ್ಥಿತಿಗೆ ವಿನಾಯಿತಿ ಇದೆ, ಅದು ಬೇಕು. ಆದರೆ 4(ಜಿ) ಅಡಿ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಯನ್ನೇ ಕಾಯ್ದೆಯಿಂದ ಹೊರಗಿಡಬಹುದು. ಯಾವುದೇ ತಿದ್ದುಪಡಿ ಈ ಬಾಗಿಲನ್ನು ಕಿರಿದು ಮಾಡುತ್ತಿದೆಯಾ, ಅಗಲ ಮಾಡುತ್ತಿದೆಯಾ ನೋಡಿ. ಅದನ್ನು ಮುಟ್ಟದ ಸುಧಾರಣೆ ನನಗೆ ಅರೆಬರೆಯಾಗಿಯೇ ಕಾಣುತ್ತದೆ.

ಇನ್ನೊಂದು ಮಾತು. ಸದನ ಒಪ್ಪಿದ ಮಾತ್ರಕ್ಕೆ ಮಸೂದೆ ಕಾನೂನಾಗುವುದಿಲ್ಲ. 2025ರ ಮಾರ್ಚ್‌ನಲ್ಲಿ ಎರಡೂ ಸದನ ಒಪ್ಪಿದ ಆ ಮೀಸಲಾತಿ ಮಸೂದೆಯನ್ನು ರಾಜ್ಯಪಾಲ ಥಾವರಚಂದ್ ಗೆಹಲೋತ್ ಏಪ್ರಿಲ್‌ನಲ್ಲಿ ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಹಾಗಾಗಿ ರಾಜ್ಯಪತ್ರ ನೋಡದೆ ‘ಜಾರಿಯಾಗಿದೆ’ ಎಂದುಕೊಳ್ಳಬೇಡಿ.

ಅನುಮಾನ ಬಂದರೆ ಶಾಸಕರಿಗೆ ಪತ್ರ ಬರೆಯಿರಿ. ‘ಭ್ರಷ್ಟಾಚಾರ ನಿಲ್ಲಿಸಿ’ ಎಂದಷ್ಟೇ ಬರೆದರೆ ಸಾಲದು. ಪ್ರಕರಣದ ಸಂಖ್ಯೆ ಹಾಕಿ, ಯಾವ ಪದ ಬದಲಾಗಬೇಕು ಅಂತ ಬರೆಯಿರಿ. ನಿಮ್ಮ ಊರಿನ ಕಾಮಗಾರಿಗೆ 4(ಜಿ) ವಿನಾಯಿತಿ ಕೊಟ್ಟಿದ್ದರೆ, 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಆ ಅಧಿಸೂಚನೆಯ ಪ್ರತಿ ಮತ್ತು ಕಡತದ ಟಿಪ್ಪಣಿ ಎರಡನ್ನೂ ಕೇಳಿ.