ಇಂಟರ್‌ನ್ಯಾಷನಲ್ ಕ್ರೀಡಾಕೂಟಕ್ಕೆ ಬಿಡ್ ಹಾಕೋ ಮುಂಚೆ ಸರ್ಕಾರದ ಪಾಲಿಸಿ ಹೇಗೆ ಓದ್ಬೇಕು

ಬಿಡ್, ಅಂದ್ರೆ ಕೂಟ ನಮ್ಮಲ್ಲೇ ನಡೆಸ್ತೀವಿ ಅಂತ ಹಾಕೋ ಅರ್ಜಿ, ಅಂದ ತಕ್ಷಣ ಲೋಗೋ, ಪ್ರೋಮೋ ವಿಡಿಯೋ, ಸ್ಟೇಡಿಯಂ ಡ್ರಾಯಿಂಗ್ ಅಂತ ಓಡೋರೇ ಜಾಸ್ತಿ. ಅದೆಲ್ಲ ಆಮೇಲೆ. ಮೊದ್ಲು ನಿಮ್ಮ ದೇಶದ ಆತಿಥ್ಯದ ಪಾಲಿಸಿ (ಇಂಥ ಕೂಟ ನಡೆಸೋಕೆ ಸರ್ಕಾರ ಇಟ್ಟಿರೋ ನಿಯಮ) ತೆಗೆದು, ಖರ್ಚು ಅಂದಾಜು ಮೀರಿದ್ರೆ ದುಡ್ಡು ಯಾರು ಕಟ್ಬೇಕು ಅನ್ನೋ ಸಾಲು ಎಲ್ಲಿದೆ ಹುಡುಕಿ, ಅದು ಸಿಗೋವರೆಗೂ ಬೇರೇನೂ ಓದ್ಬೇಡಿ.

ಆಮೇಲೆ ಸರ್ಕಾರದ ಪಾಲು ಎಷ್ಟು ಅಂತ ನೋಡಿ. ಕೆನಡಾ ಪಾಲಿಸಿ ಇದಕ್ಕೆ ಒಳ್ಳೆ ಉದಾಹರಣೆ, ಅಲ್ಲಿ ಫೆಡರಲ್ (ಕೇಂದ್ರ) ಸರ್ಕಾರ ಕೂಟದ ಒಟ್ಟು ಖರ್ಚಲ್ಲಿ 35%ಗಿಂತ ಜಾಸ್ತಿ ಕೊಡಲ್ಲ, ಜೊತೆಗೆ ಎಲ್ಲ ಸರ್ಕಾರಗಳೂ ಸೇರಿ ಹಾಕೋ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿನೂ ಕೊಡಲ್ಲ. ಈ ಎರಡನೇ ಷರತ್ತನ್ನ ಸುಮಾರು ಜನ ಗಮನಿಸೋದೇ ಇಲ್ಲ. ಒಟ್ಟು ಖರ್ಚು 100 ಮಿಲಿಯನ್ ಡಾಲರ್, ಅದ್ರಲ್ಲಿ ಸರ್ಕಾರಿ ದುಡ್ಡು 60 ಅಂದ್ಕೊಳ್ಳಿ, ನೀವು 35 ಬರುತ್ತೆ ಅಂತ ಬಜೆಟ್ ಬರ್ದಿರ್ತೀರ, ಬರೋದು 30, ಉಳಿದ 5 ಪ್ರಾಂತ್ಯ, ನಗರಪಾಲಿಕೆ ಇಲ್ಲಾ ಸ್ಪಾನ್ಸರ್ ಹತ್ರ ಕೇಳ್ಕೊಂಡು ಓಡಾಡ್ಬೇಕು.

ಮುಂದಿಂದು ಗ್ಯಾರಂಟಿ ಪತ್ರಗಳು, ಅಂದ್ರೆ ಇದನ್ನೆಲ್ಲ ಮಾಡ್ಕೊಡ್ತೀವಿ ಅಂತ ಸರ್ಕಾರ ಬರೆದು ಕೊಡೋ ಭರವಸೆ, ನಿಜವಾದ ತಲೆನೋವು ಇಲ್ಲೇ. ವೀಸಾ, ಭದ್ರತೆ, ಕಸ್ಟಮ್ಸ್, ತೆರಿಗೆ ವಿನಾಯಿತಿ ಇವೆಲ್ಲ ಕ್ರೀಡಾ ಇಲಾಖೆ ಒಂದೇ ಸಹಿ ಹಾಕಿ ಮುಗಿಸೋ ವಿಷಯ ಅಲ್ಲ, ಗೃಹ, ವಿದೇಶಾಂಗ, ಹಣಕಾಸು ಎಲ್ಲ ಕಡೆಯಿಂದ ಬರ್ಬೇಕು, ಅದಕ್ಕೇ ಭಾರತದಲ್ಲಿ 2030ರ ಕಾಮನ್‌ವೆಲ್ತ್ ಗೇಮ್ಸ್ ಬಿಡ್ ಆಗಸ್ಟ್ 2025ರಲ್ಲಿ ಕೇಂದ್ರ ಸಂಪುಟದವರೆಗೂ ಹೋಗಿ ಒಪ್ಪಿಗೆ ತಗೊಂಡಿದ್ದು. ವೀಸಾ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ಫೆಬ್ರವರಿ 2019ರಲ್ಲಿ ದೆಹಲಿ ಶೂಟಿಂಗ್ ವರ್ಲ್ಡ್ ಕಪ್‌ಗೆ ಪಾಕಿಸ್ತಾನದ ಶೂಟರ್‌ಗಳಿಗೆ ವೀಸಾ ಸಿಗ್ಲಿಲ್ಲ, ಅಷ್ಟಕ್ಕೇ ಐಓಸಿ (ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ) ಭಾರತದ ಜೊತೆ ಆತಿಥ್ಯದ ಮಾತುಕತೆನೇ ನಿಲ್ಲಿಸ್ಬಿಡ್ತು, ಸರ್ಕಾರ ಬರವಣಿಗೆಯಲ್ಲಿ ಭರವಸೆ ಕೊಟ್ಟ ಮೇಲೇ ಅದು ಸಡಿಲ ಆಗಿದ್ದು. ಹಾಗಾಗಿ ನಿಮ್ಮ ದೇಶಕ್ಕೆ ಯಾವ ದೇಶದ ಜೊತೆ ಆಗಿಬರಲ್ಲ ಅಂತ ಮುಂಚೆನೇ ಪಟ್ಟಿ ಮಾಡಿ, ಆ ಆಟಗಾರರನ್ನ ಒಳಗೆ ಬಿಡ್ತೀರಾ ಅಂತ ವಿದೇಶಾಂಗ ಇಲಾಖೆನ ನೇರವಾಗೇ ಕೇಳಿ, ನೋಡೋಣ ಅಂದ್ರೆ ಅದು ಇಲ್ಲ ಅಂತಾನೇ ಅರ್ಥ.

ದುಡ್ಡಿನ ಗ್ಯಾರಂಟಿನೂ ಅಷ್ಟೇ. ದಕ್ಷಿಣ ಆಫ್ರಿಕಾದ ಡರ್ಬನ್‌ಗೆ 2022ರ ಕಾಮನ್‌ವೆಲ್ತ್ ಸಿಕ್ಕಿತ್ತು, ಆದ್ರೆ ಹಣಕಾಸಿನ ಬದ್ಧತೆ ಕೊಡಕ್ಕಾಗ್ದೆ 2017ರಲ್ಲಿ ಕೈ ತಪ್ಪಿ ಕೊನೆಗೆ ಬರ್ಮಿಂಗ್‌ಹ್ಯಾಮ್‌ಗೆ ಹೋಯ್ತು.

ಜನಾಭಿಪ್ರಾಯ ಕೇಳ್ಬೇಕು ಅಂತಿದ್ರೆ ಬಿಡ್‌ಗೆ ದುಡ್ಡು ಸುರಿಯೋ ಮುಂಚೆನೇ ಕೇಳ್ಬಿಡಿ. 2026ರ ಚಳಿಗಾಲದ ಒಲಿಂಪಿಕ್ಸ್ ಬೇಕಾ ಅಂತ ಕೆನಡಾದ ಕ್ಯಾಲ್ಗರಿ ಜನರನ್ನ 2018ರಲ್ಲಿ ಕೇಳಿದಾಗ ಸುಮಾರು 56% ಜನ ಬೇಡ ಅಂದ್ರು, ಬಿಡ್ ಅಲ್ಲಿಗೇ ಖತಂ. ಸ್ಟೇಡಿಯಂ ಆಮೇಲೆ ಯಾರು ನಡೆಸ್ತಾರೆ ಅನ್ನೋದನ್ನೂ ಈಗ್ಲೇ ಬರೆಸ್ಕೊಳ್ಳಿ, ಕೂಟ ಮುಗಿದ್ರೂ ಖರ್ಚಿನ ಹೊರೆ ಮುಗಿಯಲ್ಲ, ಕೆನಡಾದ್ದೇ ಮಾಂಟ್ರಿಯಲ್ 1976ರ ಒಲಿಂಪಿಕ್ಸ್ ಸಾಲ ತೀರಿದ್ದು 2006ರಲ್ಲಿ.

ಕೊನೇದು, ಮಧ್ಯದಲ್ಲಿ ಕೈಬಿಟ್ರೆ ಎಷ್ಟು ದಂಡ ಅಂತ ಒಪ್ಪಂದದಲ್ಲಿ ನೋಡಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಖರ್ಚು ಕೈಮೀರುತ್ತೆ ಅಂತ 2026ರ ಕಾಮನ್‌ವೆಲ್ತ್‌ನಿಂದ 2023ರಲ್ಲಿ ಹಿಂದೆ ಸರೀತು, ಒಂದೇ ಒಂದು ಪಂದ್ಯ ನಡೀದೇನೇ 380 ಮಿಲಿಯನ್ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕಟ್ತು. ಆ ನಂಬರ್ ನಿಮ್ಮ ಹಣಕಾಸು ಇಲಾಖೆಯವ್ರಿಗೆ ಸಹಿಗೆ ಮುಂಚೆನೇ ತೋರ್ಸಿ.