ಕಾರಿನ ಈಕ್ವಲೈಜರ್: ಏರಿಸುವುದಕ್ಕಿಂತ ಇಳಿಸುವುದೇ ಹೆಚ್ಚು

ಈಕ್ವಲೈಜರ್ ಎಂದರೆ ಬಾಸ್‌ನಿಂದ ಟ್ರೆಬಲ್‌ವರೆಗೆ ಹಾಡಿನ ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಏರಿಸುವ, ಇಳಿಸುವ ಸಾಧನ. ಕಾರಿನೊಳಗಿನ ಸದ್ದನ್ನು ಮೈಕಿನಿಂದ ಅಳೆದು, ಗ್ರಾಫ್ ನೋಡಿ ಅದನ್ನು ಹೊಂದಿಸಬೇಕು. ಅದನ್ನು ಮುಟ್ಟುವ ಮುಂಚೆ ಸದ್ದಿಲ್ಲದ ಜಾಗ ಹುಡುಕಿ. ಶಿವಮೊಗ್ಗದ ಬಿ.ಎಚ್. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಅಳತೆ ತೆಗೆದರೆ ಬಾಸ್ ಭಾಗದಲ್ಲೆಲ್ಲ ಬಸ್ಸಿನ ಗುಡುಗುಡು ಕೂತಿರುತ್ತದೆ. ತೀರ್ಥಹಳ್ಳಿ ಕಡೆಯ ತೋಟದ ದಾರಿಗೆ ಹೋದರೂ ಜೀರುಂಡೆ ಕಾಟ ತಪ್ಪದು: ಅದು ಶುರು ಮಾಡಿದರೆ ಗ್ರಾಫಿನಲ್ಲಿ ಕೆಲವು ಸಾವಿರ ಹರ್ಟ್ಸ್ ಹತ್ತಿರ ಚೂಪಾದ ಗುಡ್ಡವೊಂದು ಏಳುತ್ತದೆ. ಟ್ವೀಟರ್‌ನ (ಟ್ರೆಬಲ್‌ಗೆಂದೇ ಇರುವ ಪುಟ್ಟ ಸ್ಪೀಕರ್) ತಪ್ಪೆಂದುಕೊಂಡು ಅದನ್ನು ಇಳಿಸಿದರೆ ಹಾಡು ಮಂಕಾಗುತ್ತದೆ. ಸ್ಟೀರಿಯೊ ಮ್ಯೂಟ್ ಮಾಡಿ ಒಮ್ಮೆ ಗ್ರಾಫ್ ನೋಡಿ. ಗುಡ್ಡ ಆಗಲೂ ಇದ್ದರೆ ಅದು ಹೊರಗಿನದು. ಮಳೆ ಬರುತ್ತಿದ್ದರೆ ಅಳತೆಯನ್ನೇ ಮುಂದೂಡಿ.

ಬೇಕಾದದ್ದು ಪ್ಯಾರಾಮೆಟ್ರಿಕ್ ಈಕ್ವಲೈಜರ್ (ಎಲ್ಲಿ, ಎಷ್ಟು, ಎಷ್ಟು ಅಗಲಕ್ಕೆ ಎಂದು ನಾವೇ ಆರಿಸಬಹುದಾದದ್ದು) ಇರುವ ಡಿಎಸ್‌ಪಿ, ಅಂದರೆ ಸ್ಪೀಕರಿಗೆ ಹೋಗುವ ಸದ್ದನ್ನು ತಿದ್ದುವ ಡಿಜಿಟಲ್ ಪೆಟ್ಟಿಗೆ, ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ರೂಮ್ ಈಕ್ಯು ವಿಝಾರ್ಡ್ ತಂತ್ರಾಂಶ, ಯುಮಿಕ್-1ರಂಥ ಯುಎಸ್‌ಬಿ ಮೈಕ್. ಮೈಕ್‌ನ ಸೀರಿಯಲ್ ನಂಬರಿಗೆ ಹೊಂದುವ ಕ್ಯಾಲಿಬ್ರೇಶನ್ ಫೈಲನ್ನೇ (ಮೈಕಿನ ಸ್ವಂತ ತಪ್ಪನ್ನು ಸರಿದೂಗಿಸುವ ಫೈಲು) ಹಾಕಿ, ಇನ್ನೊಂದು ಮೈಕ್‌ನದು ಆಗದು.

ಹೆಡ್ ಯೂನಿಟ್‌ನಲ್ಲಿ ಬಾಸ್, ಟ್ರೆಬಲ್ ಸೊನ್ನೆಗೆ ತನ್ನಿ, ಲೌಡ್‌ನೆಸ್ ಆಫ್ ಮಾಡಿ. ಎಂಜಿನ್, ಎಸಿ ಫ್ಯಾನ್ ಬಂದ್, ಗಾಜು ಮೇಲೆ. ಮೊದಲು ಕ್ರಾಸ್‌ಓವರ್, ಅಂದರೆ ಯಾವ ಸ್ಪೀಕರಿಗೆ ಯಾವ ಭಾಗ ಎಂಬ ಹಂಚಿಕೆ: ಸಬ್‌ವೂಫರ್‌ಗೆ (ಬಾಸ್‌ಗೆಂದೇ ಇರುವ ಸ್ಪೀಕರ್, ಚಿಕ್ಕದಾಗಿ ಸಬ್) 80 ಹರ್ಟ್ಸ್ ಲೋ ಪಾಸ್ (ಅದರ ಕೆಳಗಿನದನ್ನಷ್ಟೇ ಬಿಡುವುದು), ಬಾಗಿಲಿನ ಸ್ಪೀಕರಿಗೆ 80ರ ಹೈ ಪಾಸ್ (ಮೇಲಿನದನ್ನಷ್ಟೇ ಬಿಡುವುದು), ಎರಡಕ್ಕೂ ಆಕ್ಟೇವ್‌ಗೆ (ಹರ್ಟ್ಸ್ ಇಮ್ಮಡಿಯಾಗುವ ಅಂತರ) 24 ಡೆಸಿಬೆಲ್ ಇಳಿಜಾರು. ಇದು ಆರಂಭಕ್ಕೆ ಸಾಕು.

ಆಮೇಲೆ ಟೇಪ್ ಹಿಡಿದು ಚಾಲಕನ ತಲೆ ಇರುವ ಜಾಗದಿಂದ ಪ್ರತಿ ಸ್ಪೀಕರಿಗೂ ದೂರ ಅಳೆಯಿರಿ. ನಮ್ಮಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಬಲದ ಸ್ಪೀಕರೇ ಹತ್ತಿರ. ಎಡದ್ದು 130 ಸೆಂಟಿಮೀಟರ್, ಬಲದ್ದು 90 ಇದ್ದರೆ ವ್ಯತ್ಯಾಸ 40. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುವುದರಿಂದ ಎರಡರ ಸದ್ದೂ ಒಟ್ಟಿಗೆ ಕಿವಿ ಮುಟ್ಟಲು ಡಿಎಸ್‌ಪಿಯಲ್ಲಿ ಬಲದ ಸ್ಪೀಕರನ್ನು 1.17 ಮಿಲಿಸೆಕೆಂಡ್ ತಡಮಾಡಿ. ಮೊನೊ ಹಾಡು ಹಾಕಿದಾಗ ದನಿ ಡ್ಯಾಶ್‌ಬೋರ್ಡಿನ ಮಧ್ಯದಿಂದ ಬರಬೇಕು. ಎಲ್ಲಿಂದಲೋ ಚದುರಿ ಬಂದಂತಿದ್ದರೆ ಒಂದು ಸ್ಪೀಕರಿನ ಪ್ಲಸ್–ಮೈನಸ್ ತಂತಿ ಅದಲುಬದಲಾಗಿರಬಹುದು.

ಈಗ ಅಳತೆ. ಪಿಂಕ್ ನಾಯ್ಸ್ (ಪ್ರತಿ ಆಕ್ಟೇವ್‌ನಲ್ಲೂ ಸಮ ಬಲವಿರುವ ಸುಯ್‌ಗುಡುವ ಸದ್ದು) ಹಾಕಿ, ತಂತ್ರಾಂಶದ ಆರ್‌ಟಿಎ (ಸದ್ದನ್ನು ಆಗಿಂದಾಗಲೇ ಗ್ರಾಫಾಗಿ ತೋರಿಸುವ) ಕಿಟಕಿಯಲ್ಲಿ ಆರನೇ ಒಂದು ಆಕ್ಟೇವ್ ಆರಿಸಿ, ಸರಾಸರಿಯನ್ನು ಫಾರೆವರ್‌ಗೆ (ನಿಲ್ಲಿಸುವವರೆಗೂ ಸೇರಿಸುತ್ತ ಹೋಗುವಂತೆ) ಇಡಿ. ಮೈಕನ್ನು ಒಂದೇ ಕಡೆ ಸಿಕ್ಕಿಸಬೇಡಿ. ಎರಡೂ ಕಿವಿಗಳ ಜಾಗದ ಸುತ್ತ ಅರ್ಧ ನಿಮಿಷ ನಿಧಾನವಾಗಿ ಆಡಿಸಿ. ನಾಲ್ಕು ಬೆರಳು ಸರಿದರೂ ಟ್ರೆಬಲ್ ಗ್ರಾಫ್ ಬದಲಾಗುತ್ತದೆ, ಸರಾಸರಿಯೇ ನಂಬಿಕೆಗೆ ಯೋಗ್ಯ. ಎಡ, ಬಲ, ಸಬ್ ಬೇರೆಬೇರೆಯಾಗಿ ಅಳೆದು ಉಳಿಸಿ.

ಗುರಿ ನೇರ ಗೆರೆಯಲ್ಲ. 60 ಹರ್ಟ್ಸ್‌ನ ಕೆಳಗೆ 6ರಿಂದ 9 ಡೆಸಿಬೆಲ್ ಎತ್ತರ, 200ರಿಂದ ಮೇಲೆ ಸಮತಟ್ಟು, ಕೊನೆಗೆ ಸಣ್ಣ ಇಳಿಜಾರು: ಕಾರಿಗೆ ಇದೇ ಹಿತ. ಪೂರ್ತಿ ಫ್ಲ್ಯಾಟ್ ಮಾಡಿದ ಕಾರು ಕೇಳಲು ತೆಳ್ಳಗೆ, ಕೀರಲು.

ಉಬ್ಬಿದ್ದನ್ನು ಇಳಿಸಿ. 160 ಹರ್ಟ್ಸ್‌ನಲ್ಲಿ 5 ಡೆಸಿಬೆಲ್ ಉಬ್ಬಿದ್ದರೆ ಕ್ಯೂ (ಇಳಿಕೆಯ ಅಗಲ ಹೇಳುವ ಅಂಕಿ, ಹೆಚ್ಚಿದಷ್ಟೂ ಕಿರಿದು) 3 ಇಟ್ಟು 4 ಡೆಸಿಬೆಲ್ ತೆಗೆಯಿರಿ, ಮತ್ತೆ ಅಳೆಯಿರಿ. ಗ್ರಾಫಿನಲ್ಲಿ ತಗ್ಗು, ಅಂದರೆ ಗುಂಡಿ, ಕಂಡಲ್ಲಿ ತುಂಬಿಸುವ ಆಸೆ ಬೇಡ. 3 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ಎರಡು ಪಟ್ಟು, 6 ಏರಿಸಿದರೆ ನಾಲ್ಕು ಪಟ್ಟು ಪವರ್ ಕೊಡಬೇಕು. ಅಷ್ಟಾದರೂ ನೇರ ಬಂದ ಅಲೆ, ಗಾಜಿಗೆ ಬಡಿದು ಬಂದ ಅಲೆ ಒಂದನ್ನೊಂದು ಕೊಲ್ಲುವ ಕಡೆ ಗುಂಡಿ ಹಾಗೇ ಉಳಿಯುತ್ತದೆ. 80ರ ಆಸುಪಾಸು ಗುಂಡಿ ಇದ್ದರೆ ಸಬ್‌ನ ಪೊಲಾರಿಟಿ (ಪ್ಲಸ್–ಮೈನಸ್) ತಿರುಗಿಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ತುಂಬಿಬಿಡುತ್ತದೆ.

ಕೊನೆಯ ಮಾತು ಕಿವಿಯದು. ಯಕ್ಷಗಾನದ ರೆಕಾರ್ಡಿಂಗ್ ಇದಕ್ಕೆ ಬಲು ಒಳ್ಳೆಯದು. ಚೆಂಡೆಯ ಪೆಟ್ಟು ಕಿವಿಗೆ ಚುಚ್ಚಿದರೆ 2,500ರಿಂದ 4,000 ಹರ್ಟ್ಸ್ ನಡುವೆ ಒಂದೆರಡು ಡೆಸಿಬೆಲ್ ಇಳಿಸಿ. ಭಾಗವತರ ದನಿ ಮೂಗಿನಿಂದ ಬಂದಂತಿದ್ದರೆ 1,000ದ ಸುತ್ತ ನೋಡಿ. ಬಾಗಿಲ ಪ್ಯಾಡ್ ಜರ್ರೆಂದರೆ ಅದಕ್ಕೆ ಈಕ್ವಲೈಜರ್ ಮದ್ದಲ್ಲ, ಕ್ಲಿಪ್ ಬಿಗಿಮಾಡಿ ಫೋಮ್ ಅಂಟಿಸಿ.

ಓಡುವಾಗ ಟೈರಿನ ಸದ್ದು ಬಾಸನ್ನು ನುಂಗುತ್ತದೆ. ಘಾಟಿ ಓಡಾಟಕ್ಕೆಂದು ಸಬ್ 2–3 ಡೆಸಿಬೆಲ್ ಹೆಚ್ಚಿರುವ ಇನ್ನೊಂದು ಪ್ರಿಸೆಟ್ ಉಳಿಸಿ. ಎಲ್ಲ ಸೆಟ್ಟಿಂಗ್‌ಗಳ ಫೋಟೊ ತೆಗೆದಿಡಿ, ಬ್ಯಾಟರಿ ಕಳಚಿದರೆ ಕೆಲವು ಹೆಡ್ ಯೂನಿಟ್‌ಗಳು ಎಲ್ಲವನ್ನೂ ಮರೆಯುತ್ತವೆ.